ಪೋರ್ಟು, ಬಸ್ಸು, ಬುತ್ತಿ

ಕಂಪ್ಯೂಟರಿನಲ್ಲಿ ಖಾಲಿ ಚೌಕ ಕಂಡರೆ ಟಿಕ್ ಹಾಕದೆ ಬಿಡುವುದು ನನ್ನಿಂದಾಗದು. ಎರಡು ಸಾವಿರದ ಇಸವಿಯ ಆಚೀಚೆ, ಕಲಬುರಗಿಯ ನಮ್ಮ ಕಾಲೇಜಿಗೆ ದೂರದ ಕಂಪ್ಯೂಟರಿಗೆ ಭದ್ರವಾಗಿ ಲಾಗಿನ್ ಆಗುವ ಪ್ರೋಗ್ರಾಮು ಬಂದಾಗಲೂ ಹಾಗೇ ಆಯಿತು. ಅದರಲ್ಲಿ ಫಾರ್ವರ್ಡಿಂಗ್ ಎಂಬುದೊಂದಿದೆ. ನಮ್ಮ ಯಂತ್ರದ ಒಂದು ಪೋರ್ಟಿಗೆ, ಅಂದರೆ ಬಾಗಿಲಿಗೆ, ಬಂದದ್ದನ್ನು ಯಾರೂ ಇಣುಕದ ದಾರಿಯಲ್ಲಿ ಸಾಗಿಸಿ ಆ ಕಡೆ ಮುಟ್ಟಿಸುತ್ತದೆ. ಉತ್ತರವನ್ನೂ ಅದೇ ದಾರಿಯಲ್ಲಿ ತರುತ್ತದೆ. ಲೈಬ್ರರಿಯ ಪುಸ್ತಕಪಟ್ಟಿ ನೋಡಲು ನಾನೊಂದು ಬಾಗಿಲು ತೆರೆದೆ. ಮೂರೇ ದಿನದಲ್ಲಿ ಇಡೀ ಸ್ಟಾಫ್ ರೂಮು ನನ್ನ ಯಂತ್ರದ ಮೂಲಕ ಪಟ್ಟಿ ನೋಡುತ್ತಿತ್ತು.

"ಬ್ಯಾರೆ ಕಂಪ್ಯೂಟರ್‌ನವ್ರೂ ಬರ್ಲಿ ಅಂತ ಟಿಕ್ ಹಾಕೀರಲ್ರೀ ಸರ್," ಎಂದರು ಲ್ಯಾಬಿನ ಶರಣಮ್ಮ. "ಅದು ನಿಮ್ಮೊಬ್ಬರ ಸಲುವಾಗಿ ಇದ್ದ ಬಾಗಲಾ."

ಟಿಕ್ ತೆಗೆದೆ. ಆದರೆ ನನ್ನ ಹೆಸರಿಗೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವ ಚಟ ನನಗೆ ಕಂಪ್ಯೂಟರಿಗಿಂತ ಹಳೆಯದು.

ಎಂಬತ್ತರ ದಶಕದಲ್ಲಿ ಇದೇ ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ರೂಮು ಮಾಡಿಕೊಂಡು ಓದುತ್ತಿದ್ದೆ. ನಮ್ಮೂರು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಅವ್ವನ ಬುತ್ತಿ ಬರುತ್ತಿತ್ತು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಡ್ರೈವರು ಒಂದು ದಿನವೂ ಮುಚ್ಚಳ ತೆಗೆದವರಲ್ಲ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸ್ಸು. ಡೀಸೆಲ್ ವಾಸನೆಯ ಆ ರೊಟ್ಟಿ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ರೂಮಿನ ಜೊತೆಗಾರ ಮಲ್ಲಣ್ಣನಿಗೆ ಬುತ್ತಿ ಕಳಿಸುವವರು ಇರಲಿಲ್ಲ. ಮಧ್ಯಾಹ್ನ 'ಹಸಿವಿಲ್ಲ' ಎಂದು ಪುಸ್ತಕ ಹಿಡಿಯುತ್ತಿದ್ದ. ಮಹಾ ಸ್ವಾಭಿಮಾನಿ, ತನಗಾಗಿ ಒಂದು ರೊಟ್ಟಿ ಹೆಚ್ಚು ಬೇಯುತ್ತದೆಂದು ತಿಳಿದರೆ ಮುಟ್ಟುವವನಲ್ಲ. ಹಾಗಾಗಿ ಅವ್ವನಿಗೆ, ನನ್ನ ಹಸಿವು ಹೆಚ್ಚಾಗಿದೆ ಎಂದು ಚೀಟಿ ಬರೆದೆ. ಅವನಿಗೆ, ಅವ್ವ ಅಂದಾಜು ತಪ್ಪಿ ಹೆಚ್ಚು ಕಟ್ಟಿದ್ದಾಳೆ, ಕೆಡಿಸಬಾರದು ಎಂದೆ. ಎರಡೂ ಸುಳ್ಳು ವರ್ಷವಿಡೀ ನಡೆದವು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಒಂದು ದಿನ ಬುತ್ತಿಯ ಜೊತೆ ಅವ್ವನೇ ರೂಮಿಗೆ ಬಂದಳು. ನನ್ನ ಹೆಚ್ಚಿದ ಹಸಿವಿನ ಮಾತನ್ನು ಆಕೆ ಎತ್ತಿದರೆ ಸಾಕು, ನಾಳೆಯಿಂದ ಮಲ್ಲಣ್ಣ ಉಪವಾಸ. ಅವ್ವ ಇಬ್ಬರನ್ನೂ ನೋಡಿ ಅವನ ಕಡೆ ತಿರುಗಿದಳು.

"ಇಂವಗ ಸಣ್ಣಾಂವಿದ್ದಾಗಿಂದ ಒಬ್ಬಾಂವ ಕುಂತು ಉಣ್ಣೂ ರೂಢಿ ಇಲ್ಲಪಾ. ನೀ ಜೋಡಿ ಕುಂಡ್ರತಿ ಅಂತ ಎರಡ ತುತ್ತು ತಿಂತಾನ. ಒಂದಿನಾನೂ ತಪ್ಪಸಬ್ಯಾಡ."

ಮಲ್ಲಣ್ಣ "ಹೂಂ ರೀ ಅವ್ವ" ಎಂದು ತಲೆ ತಗ್ಗಿಸಿದ.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ: "ನಿನಗ ಹೆಂಗ ಗೊತ್ತಾತಬೇ?"

"ವರ್ಷಾತು, ಡಬ್ಬಿ ತಿಕ್ಕಿ ತೊಳದು ಬರಾಕತ್ತದ," ಎಂದಳು. "ನೀ ಹುಟ್ಟಿದಾಗಿಂದ ಒಂದು ತಾಟ ತೊಳದಾಂವಲ್ಲ."

ಉಂಡ ಮೇಲೆ ಮಲ್ಲಣ್ಣ ಡಬ್ಬಿಯನ್ನು ನನ್ನ ಕೈಗೆ ಬಿಟ್ಟವನೇ ಅಲ್ಲ. ಅವನು ದಿನವೂ ಅವ್ವನಿಗೆ ಉತ್ತರ ಕಳಿಸುತ್ತಲೇ ಇದ್ದ, ಆಕೆ ಓದುತ್ತಲೂ ಇದ್ದಳು. ನಡುವೆ ನಿಂತು ದಾಟಿಸಿದ ನನಗೊಬ್ಬನಿಗೇ ಅದು ಕಂಡಿರಲಿಲ್ಲ.