ಮಡಿಲಿಗೆ ಬಿದ್ದ ಅಟ್ಟದ ಕಾಯಿ

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವಾಗ ನನ್ನ ಜೊತೆ ಒಂದು ಬ್ಯಾಗು, ಚಟ್ನಿಪುಡಿಯ ಡಬ್ಬಿ ಮತ್ತು ಎರಡು ಮೂಟೆ ತೆಂಗಿನಕಾಯಿ ಇದ್ದವು. ಮೂಟೆ ಎತ್ತಿದ ಕೂಲಿಯವನು, "ಹಗುರ ಐತಲ್ಲಕ್ಕ, ಹತ್ತಿ ತುಂಬಿದ್ದೀರಾ?" ಎಂದ. ನನ್ನ ಪುಣ್ಯ ಎಂದುಕೊಂಡೆ. ಬಂಗಾಳದ ಸುಂದರಬನದವರೆಗೆ ಅವನ್ನು ಎಷ್ಟು ಸಲ ಹತ್ತಿಸಿ ಇಳಿಸಬೇಕೋ ಎಂಬ ಚಿಂತೆ ನನ್ನದು.

ಕರೆದವಳು ಸಿಸ್ಟರ್ ಸೆಲಿನ್. ಹಳೇಬೀಡಿನವಳು, ಬೇಲೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳು ಸನ್ಯಾಸಿನಿಯಾಗಿ ದೇಶ ಸುತ್ತಿದಳು, ನಾನು ಅರಸೀಕೆರೆಯಲ್ಲಿ ಗುಮಾಸ್ತೆಯಾಗಿ ಕುರ್ಚಿ ಸವೆಸಿದೆ. ಚಂಡಮಾರುತಕ್ಕೆ ಸಿಕ್ಕ ದ್ವೀಪದ ಹಳ್ಳಿಗಳಲ್ಲಿ ಈಗ ಅವಳ ಮಿಷನ್ನಿನವರು ಮನೆ ಕಟ್ಟುತ್ತಿದ್ದರು. "ತೆಂಗಿನ ಮರ ಒಂದೂ ಉಳಿದಿಲ್ಲ ಕಣೇ. ನೆಡೋಕೆ ಬಲಿತ ಕಾಯಿ ತಗೊಂಡು ಬಾ" ಎಂದು ಫೋನ್ ಮಾಡಿದ್ದಳು. ಕೋಲ್ಕತ್ತದಲ್ಲಿ ಕಾಯಿ ಸಿಗುವುದಿಲ್ಲವೇ ಎಂದು ಕೇಳಿದರೆ, "ಸಿಗ್ತವೆ. ನಮ್ಮೂರಿನವು ಸಿಗಲ್ಲ" ಎಂದಳು. ಸನ್ಯಾಸ ತೆಗೆದುಕೊಂಡರೂ ಊರಿನ ಜಂಬ ಹೋಗುವುದಿಲ್ಲ. ಗಂಡಸಿಯಲ್ಲಿರುವ ನನ್ನ ತವರಿಗೆ ಫೋನ್ ಮಾಡಿ ಅತ್ತಿಗೆಗೆ ಹೇಳಿದೆ: "ಹೊಸ ಮನೆಗೆ ಹೋಗೋ ಹೆಣ್ಣುಮಕ್ಕಳಿಗೆ ಕೊಡೋಕೆ ಒಳ್ಳೇ ಕಾಯಿ ಕಳಿಸು."

ಬೆಂಗಳೂರಿನಿಂದ ಹೌರಾ ರೈಲು. ಆಂಧ್ರದಲ್ಲಿ ಬಿಸಿಲು, ಒಡಿಶಾದಲ್ಲಿ ಮಳೆ, ದಾರಿಯುದ್ದಕ್ಕೂ ನನಗೆ ಮೊಸರನ್ನ. ಕೋಲ್ಕತ್ತದಿಂದ ಕ್ಯಾನಿಂಗ್‌ಗೆ ಲೋಕಲ್ ರೈಲು, ಅಲ್ಲಿಂದ ಆಟೋ, ಆಮೇಲೆ ದೋಣಿ. ತಲೆಗೆ ಹತ್ತು ರೂಪಾಯಿ, ಮೂಟೆಗೆ ಇಪ್ಪತ್ತು. ನನಗಿಂತ ಕಾಯಿಗೇ ಬೆಲೆ ಹೆಚ್ಚು!

ದ್ವೀಪದ ಕಟ್ಟೆಯ ಮೇಲೆ ಸೆಲಿನ್ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತಿದ್ದಳು. ಹಿಂದೆ ಪಾದ್ರಿಯೊಬ್ಬರು ಹಳ್ಳಿಯವರ ಜೊತೆ ಸಾಲಿನಲ್ಲಿ ನಿಂತು ಇಟ್ಟಿಗೆ ದಾಟಿಸುತ್ತಿದ್ದರು. ಪ್ರವಾಹ ಮುಟ್ಟದಂತೆ ಮಣ್ಣು ಏರಿಸಿ, ಅದರ ಮೇಲೆ ಒಂದೊಂದೇ ಕೋಣೆಯ ಮನೆಗಳು ಎದ್ದಿದ್ದವು. "ಇವರೆಲ್ಲ ನಿಮ್ಮ ಚರ್ಚಿಗೆ ಬರ್ತಾರಾ?" ಎಂದು ಕೇಳಿದೆ. "ಕಾಳಿ ಪೂಜೆಗೆ ನನ್ನನ್ನೇ ಕರೀತಾರೆ. ಮೊದಲು ಸೂರಾಗಲಿ ಬಿಡೇ" ಎಂದು ನಕ್ಕಳು.

ಎಲ್ಲರೂ ಹೊಸ ಮನೆಗೆ ಹೋಗಿದ್ದರು, ಮಾಲತಿ ಎಂಬಾಕೆಯೊಬ್ಬಳನ್ನು ಬಿಟ್ಟು. ದೋಣಿ ಬಿಗಿದು ಬರುತ್ತೇನೆಂದು ಗಾಳಿಯಲ್ಲಿ ಹೊರಟ ಅವಳ ಗಂಡ ಮರಳಿರಲಿಲ್ಲ. ಅವನು ಬಾಗಿಲ ಬಳಿ ನೆಟ್ಟಿದ್ದ ತೆಂಗೂ ಉರುಳಿತ್ತು. ಗಿಡವಿಲ್ಲದ ಬಾಗಿಲು ನನ್ನದಲ್ಲ ಎಂದು ಅವಳು ಶಾಲೆಯ ಜಗಲಿಯಲ್ಲೇ ಉಳಿದಿದ್ದಳು. ನನ್ನ ಮೂಟೆ ಬರುತ್ತದೆಂದು ತಿಳಿದ ಮೇಲೆ ಹೊಸ ಮನೆಯ ಮುಂದೆ ತಾನೇ ಗುಂಡಿ ತೋಡಿ, ಉಪ್ಪಿಲ್ಲದ ಸಿಹಿಮಣ್ಣು ತುಂಬಿ ಕಾಯುತ್ತಿದ್ದಳಂತೆ.

ಮೂಟೆ ಬಿಚ್ಚಿ ಒಂದು ಕಾಯಿ ಅವಳ ಕೈಗಿತ್ತೆ. ಅವಳು ಅದನ್ನು ಕಿವಿಯ ಬಳಿ ಅಲ್ಲಾಡಿಸಿದಳು. ನೀರಿನ ಸದ್ದಿಲ್ಲ, ಒಳಗೆ ಗಡಗಡ ಎಂದಿತು. ಇನ್ನೊಂದು ತೆಗೆದೆ, ಅದೂ ಗಡಗಡ. "ಕೊಬ್ಬರಿ ಕಣೇ ಇದು! ಇದ್ರಲ್ಲಿ ಮೊಳಕೆ ಎಲ್ಲಿಂದ ಬರ್ಬೇಕು?" ಎಂದು ಸೆಲಿನ್ ಕೂಗಿದಳು. ಮಾಲತಿ ಕಾಯನ್ನು ಮೆಲ್ಲಗೆ ಕೆಳಗಿಟ್ಟು ಜಗಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಸಿಟ್ಟಿನಲ್ಲಿ ಅತ್ತಿಗೆಗೆ ಫೋನ್ ಹಚ್ಚಿದೆ. ಅವಳದು ನನಗಿಂತ ದೊಡ್ಡ ದನಿ: "ನೆಡಕ್ಕೆ ಅಂತ ನೀನು ಬಾಯ್ಬಿಟ್ಟು ಹೇಳಿದ್ಯಾ? ಹೊಸ ಮನೆಗೋಗೋ ಹೆಣ್ಮಕ್ಳು ಅಂದೆ. ಅವರ ಮಡ್ಲಿಗೆ ಕೊಬ್ರಿ ಹಾಕ್ದೆ ಇನ್ನೇನು ಹಾಕ್ತಾರೆ? ವರ್ಷದಿಂದ ಅಟ್ಟದ ಮೇಲಿದ್ದವನ್ನ ಆರಿಸಿ ಆರಿಸಿ ತೆಗ್ದಿವ್ನಿ!"

ಕಣ್ಣು ತುಂಬಿ ಬಂತು. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಗಂಡ ಹೋದವಳಿಗೆ ಹಾಕುವುದಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅದೇ ಅತ್ತಿಗೆ ನನಗೂ ಹಾಕಿಲ್ಲ. ಬೇರೆಯವರ ಮಡಿಲು ತುಂಬುವಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ನನಗೆ ಅದು ನೋವಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ನೋವೇ.

"ಮಾಲತಿಗೆ ಮಡಿಲಕ್ಕಿ ಹಾಕೋಣ್ವೇನೇ?" ಎಂದೆ. "ಕೇಳೋದೇನು? ನನ್ನ ಮಡಿಲನ್ನೂ ಯಾರೂ ತುಂಬಿಲ್ಲ. ಕಾನ್ವೆಂಟಿಗೆ ಹೊರಟ ದಿನ ಅಮ್ಮ ಅಳ್ತಾ ಕೂತುಬಿಟ್ಳು" ಎಂದು ಸೆಲಿನ್ ಉಗ್ರಾಣದಿಂದ ಅಕ್ಕಿ, ಬೆಲ್ಲ ತಂದಳು. ಕಾಯಿ ಸುಲಿದು ಚಿಪ್ಪು ಒಡೆದಾಗ ಚೆಂಡಿನಂಥ ಇಡೀ ಕೊಬ್ಬರಿ ಹೊರಬಂತು. ಜಗಲಿಗೆ ಹೋಗಿ ಮಾಲತಿಯ ಸೆರಗು ಹಿಡಿದು ಎಲ್ಲವನ್ನೂ ಹಾಕಿದೆ. ಇದೇನೆಂದು ಅವಳು ಕೇಳಿದಳು. ಸೆಲಿನ್ ಅವಳ ಭಾಷೆಯಲ್ಲಿ ವಿವರಿಸಿದಾಗ, "ಬಾಪೇರ್ ಬಾಡಿ?" ಎಂದು ನನ್ನತ್ತ ಬೆರಳು ತೋರಿಸಿದಳು. "ನೀನು ಅವಳ ತವರಾ ಅಂತ ಕೇಳ್ತಿದಾಳೆ" ಎಂದಳು ಸೆಲಿನ್. ಹೂಂ ಎಂದೆ. ಅವಳ ತವರಿನ ಹಳ್ಳಿಯನ್ನೂ ನೀರು ನುಂಗಿತ್ತೆಂದು ಆಮೇಲೆ ತಿಳಿಯಿತು. ಅವಳು ತುಂಬಾ ಅತ್ತಳು. ಅತ್ತು ಮುಗಿದ ಮೇಲೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು, ಖಾಲಿ ಗುಂಡಿಯ ಪಕ್ಕದಲ್ಲಿ ಹಾದು ಹೊಸ ಮನೆಯೊಳಗೆ ಹೋದಳು.

ನಾನು ಹೊರಡುವ ದಿನ ಮಾಲತಿ ದೋಣಿಕಟ್ಟೆಗೆ ಬಂದು ನನ್ನ ಸೆರಗನ್ನು ಎಳೆದು ಹರಡಿದಳು. ನಾನು ಹಾಕಿದ್ದ ಅಕ್ಕಿಯಲ್ಲೇ ಒಂದು ಹಿಡಿ, ಒಂದು ಚೂರು ಕೊಬ್ಬರಿ. ಸೆರಗಿಗೆ ಗಂಟು ಹಾಕಿಕೊಂಡೆ. ಗಂಟು ಬಿಚ್ಚಬೇಕಾಗುತ್ತದೆಂದು ದಾರಿಯಲ್ಲಿ ಸೀರೆ ಬದಲಿಸಲಿಲ್ಲ.

ಅರಸೀಕೆರೆಯಲ್ಲಿ ಇಳಿದರೆ ಪ್ಲಾಟ್‌ಫಾರಂ ಮೇಲೆ ಅತ್ತಿಗೆ, ಎರಡು ಮೂಟೆಗಳ ನಡುವೆ. "ಇವನ್ನ ಪಾರ್ಸೆಲ್ ಮಾಡು. ಒಂದೊಂದನ್ನೂ ಅಲ್ಲಾಡ್ಸಿ ನೋಡಿವ್ನಿ" ಎಂದು ಒಂದು ಕಾಯನ್ನು ನನ್ನ ಕಿವಿಗೆ ಹಿಡಿದಳು. ಒಳಗೆ ನೀರು ಗುಳುಗುಳು ಎಂದಿತು. ಆಗ ಅವಳ ಕಣ್ಣು ನನ್ನ ಸೆರಗಿನ ಮೇಲೆ ಬಿತ್ತು.

"ಏನೇ ಅದು ಗಂಟು?"

"ಮಡಿಲಕ್ಕಿ ಅತ್ತಿಗೆ. ಅಲ್ಲಿ ಹಾಕಿದ್ರು."

ಅವಳು ಕೈಯಲ್ಲಿದ್ದ ಕಾಯನ್ನು ಮೂಟೆಯೊಳಗಿಟ್ಟಳು. ಆಮೇಲೆ ಹತ್ತಿರ ಬಂದು, ಸಡಿಲವಾಗಿದ್ದ ಗಂಟನ್ನು ತಾನೇ ಬಿಗಿಮಾಡಿ ಕಟ್ಟಿದಳು.

"ಚೆಲ್ಲೀಯ, ಜ್ವಾಕೆ" ಎಂದಳು. "ಗಂಡಸಿಗೆ ಬಾ. ನಮ್ಮನೇದೂ ಹಾಕ್ತೀನಿ."