ನಿಂಬೆಗಿಡದ ಮೇಲಿನ ಹಿಕ್ಕೆ

ನಾನು ಚಿಕ್ಕವನಿದ್ದಾಗ, ಸಂಕ್ರಾಂತಿ ಕಳೆದ ಮೊದಲ ರವಿವಾರ, ಬೆಳಗಿನ ಆರೂವರೆ ಗಂಟೆ. ಅಗಡಿಯ ನಮ್ಮ ಮನೆಯ ಹಿತ್ತಲಿನಲ್ಲಿ ನಾನು ಮತ್ತು ಅಕ್ಕ ಇದ್ದೆವು. ಅಪ್ಪ ಮನೆಯ ಮುಂದಿನ ಕಣದಲ್ಲಿ ಒಣ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿ ಕಾಲಿನಿಂದ ತುಳಿಯುತ್ತಿದ್ದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಮಧ್ಯೆ ಮಧ್ಯೆ ಸೀನುತ್ತಿದ್ದಳು. ಆ ತಿಂಗಳಲ್ಲಿ ನಮ್ಮ ಮನೆಯ ಗಾಳಿಯೇ ಕೆಂಪಾಗಿರುತ್ತಿತ್ತು. ಹಾಲು ಕುಡಿದರೂ ಗಂಟಲಿನಲ್ಲಿ ಖಾರ ಹತ್ತುತ್ತಿತ್ತು.

ಮರುದಿನ ಬ್ಯಾಡಗಿಯ ಪೇಟೆ. ಆ ವರ್ಷದ ಮೊದಲ ಬಂಡಿ ಹೊರಡುವುದಿತ್ತು. ಚೀಲ ಹೇರಿದ ಮೇಲೆ ಬಂಡಿಯಲ್ಲಿ ಒಂದು ಮಗು ಕೂರುವಷ್ಟೇ ಜಾಗ ಉಳಿಯುತ್ತಿತ್ತು. ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿಗಳು ಗುಡ್ಡದ ಹಾಗಿರುತ್ತವೆ, ಸ್ಟೇಷನ್ನಿನಲ್ಲಿ ನಿಂತರೆ ರೈಲು ಎದೆಯೊಳಗೇ ಹಾದು ಹೋದಂತಾಗುತ್ತದೆ ಎಂದು ಅಪ್ಪ ಹೇಳಿದ್ದ. ನಾನೂ ನೋಡಿರಲಿಲ್ಲ, ಅಕ್ಕನೂ ನೋಡಿರಲಿಲ್ಲ. ಯಾರು ಹೋಗಬೇಕು ಎನ್ನುವುದಕ್ಕೆ ಅಪ್ಪ ಒಂದು ನಿಯಮ ಮಾಡಿದ್ದ. ನಮ್ಮ ಮನೆಯಲ್ಲಿ ಪ್ರತಿ ಮಗುವಿನ ಪಾಲಿಗೂ ಒಂದು ಜೀವ ಇರುತ್ತಿತ್ತು. ಅಕ್ಕನಿಗೆ ಕೋಳಿಗಳು, ನನಗೆ ನನ್ನ ಸೊಂಟದೆತ್ತರದ ನಿಂಬೆಗಿಡ. ಯಾರ ಪಾಲಿನ ಜೀವ ಚೆನ್ನಾಗಿರುತ್ತದೋ ಅವರಿಗೆ ಬಂಡಿ.

ನಾನು ಗೆಲ್ಲುತ್ತೇನೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ದಿನಾ ಎದ್ದು ಮುಖ ತೊಳೆದು, ಗಿಡಕ್ಕೆ ಒಂದು ಕೊಡ ನೀರು ಹಾಕಿ, ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದೆ. ಹುಳ ಯಾವಾಗಲೂ ಎಲೆಯ ಕೆಳಗೆ ಅಡಗುತ್ತದೆ ಎಂದು ಅಪ್ಪ ಮೆಣಸಿನ ಹೊಲದಲ್ಲಿ ಕಲಿಸಿದ್ದ. ಕೆಳಗೆ ಏನೂ ಇರುತ್ತಿರಲಿಲ್ಲ. ಎಲೆಯ ಮೇಲೆ ಮಾತ್ರ ಅಲ್ಲಲ್ಲಿ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಕಂದು ಬಣ್ಣ, ನಡುವೆ ಸುಣ್ಣ ಬಳಿದಂತೆ ಬಿಳಿ, ಮೇಲೆ ಹಸಿ ಹೊಳಪು. ಇದನ್ನು ಒರೆಸಲೋ ಬೇಡವೋ ಎಂದು ಮೊದಲ ದಿನ ಅಕ್ಕನನ್ನು ಕೇಳಿದ್ದೆ.

"ಹಕ್ಕಿ ಹಿಕ್ಕಿ ಅದು. ಒರಸಬ್ಯಾಡೋ ತಮ್ಮಾ, ಗಿಡಕ್ಕ ಗೊಬ್ಬರ" ಎಂದಿದ್ದಳು.

ನಾನು ನಂಬಿದೆ. ಬೇರೆ ಮನೆಯ ಹುಡುಗನಾಗಿದ್ದರೆ ಅಸಹ್ಯಪಟ್ಟು ಒರೆಸಿಬಿಡುತ್ತಿದ್ದನೇನೋ. ನಮ್ಮದು ಹೊಲದಲ್ಲಿ ಕುರಿ ನಿಲ್ಲಿಸುವ ಮನೆ. ಬೇಸಿಗೆಯಲ್ಲಿ ಕುರುಬರು ತಮ್ಮ ಹಿಂಡನ್ನು ನಮ್ಮ ಹೊಲದಲ್ಲಿ ರಾತ್ರಿ ತಂಗಿಸುತ್ತಿದ್ದರು. ಬೆಳಿಗ್ಗೆ ನೆಲದ ತುಂಬ ಬಿದ್ದಿರುವ ಹಿಕ್ಕೆಗೆ ಪ್ರತಿಯಾಗಿ ಅಪ್ಪ ಅವರಿಗೆ ಜೋಳ ಅಳೆದು ಕೊಡುತ್ತಿದ್ದ. ಜೋಳ ಕೊಟ್ಟು ಪಡೆಯುವ ವಸ್ತು ಪುಕ್ಕಟೆಯಾಗಿ ಗಿಡದ ಮೇಲೆ ಬಿದ್ದರೆ ಒರೆಸುವುದು ಹೇಗೆ? ನೀರು ಹಾಕುವಾಗ ಅದು ತೊಳೆದು ಹೋಗದಂತೆ ಬುಡಕ್ಕಷ್ಟೇ ಹಾಕುತ್ತಿದ್ದೆ.

ಕೆಲವು ದಿನಗಳಲ್ಲಿ ಚಿಗುರಿನ ಅಂಚು ಕಡಿದಂತೆ ಕಾಣಿಸಿತು. ಮತ್ತೆ ಅಕ್ಕನನ್ನೇ ಕೇಳಿದೆ. "ಬಾಜೂ ಮನಿ ಆಡಿನ ಮರಿ ಬಂದು ತಿಂದೈತಿ. ಬೇಲಿ ಹಾಕು" ಎಂದಳು. ಜಾಲಿಯ ಮುಳ್ಳು ತಂದು ಕೈಯೆಲ್ಲ ಗೀಚಿಸಿಕೊಂಡು ಗಿಡದ ಸುತ್ತ ಬೇಲಿ ಕಟ್ಟಿದೆ.

ಆ ರವಿವಾರ ಬೆಳಿಗ್ಗೆ ನೋಡಿದರೆ ಬೇಲಿ ಇದ್ದಂತೆಯೇ ಇದೆ, ಒಳಗಿನ ಗಿಡ ಅರ್ಧಕ್ಕರ್ಧ ಬೋಳಾಗಿದೆ. ಮೇಲಿನ ಟೊಂಗೆಗಳಲ್ಲಿ ಎಲೆಯ ನಡುವಿನ ನರಗಳಷ್ಟೇ ಉಳಿದಿದ್ದವು. ಉಳಿದ ಎಲೆಗಳಲ್ಲಿ ಒಂದರ ಮೇಲೆ ಒಂದು ಹಿಕ್ಕೆ. ನಾನು ಬಾಗಿ ನೋಡುತ್ತಿದ್ದಂತೆ ಹಿಕ್ಕೆ ತಲೆ ಎತ್ತಿತು. ಎತ್ತಿ, ಎಲೆಯ ಅಂಚಿನವರೆಗೆ ನಡೆದು, ಕರಕರ ತಿನ್ನತೊಡಗಿತು.

ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೋಡು ಹೊರಬಂತು. ಕೊಳೆತ ನಿಂಬೆಹಣ್ಣಿನ ವಾಸನೆ ಮೂಗಿಗೆ ಹೊಡೆಯಿತು.

"ಅಪ್ಪಾ, ಲಗೂ ಬಾ! ಹಿಕ್ಕಿ ತಲಿ ಎತ್ತೇತಿ!"

ಅಪ್ಪ ಬಂದ, ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಅಪ್ಪ ಗಿಡದ ಸುತ್ತ ಒಂದು ಸುತ್ತು ಹಾಕಿ ಕೇಳಿದ, "ದಿನಾ ಏನ ನೋಡತಿದ್ದಿಲೇ?"

"ಎಲಿ ಕೆಳಗ ನೋಡತಿದ್ದೆ. ಮ್ಯಾಲ ಹಿಕ್ಕಿ ಇತ್ತು, ಬಿಟ್ಟೆ."

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಕುರಿ ನಿಲ್ಲಿಸೋ ಮನ್ಯಾಗ ಹುಟ್ಟೇತಿ ಕೂಸು. ಹಿಕ್ಕಿ ಕಂಡ್ರ ಕೈ ಮುಗದು ಬರತೈತಿ!"

"ಅಕ್ಕಾನ ಹೇಳಿದ್ಲು, ಒರಸಬ್ಯಾಡ ಅಂತ" ಎಂದೆ.

ಎಲ್ಲರೂ ಅಕ್ಕನ ಕಡೆ ನೋಡಿದರು. ಅವಳು ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ನನಗೇನ ಗೊತ್ತಪಾ? ನಾನೂ ಹಿಕ್ಕಿ ಅಂತನ ತಿಳಕೊಂಡಿದ್ದೆ."

ಅಪ್ಪನ ತೀರ್ಪು ಚಿಕ್ಕದಾಗಿತ್ತು. "ನಾಳೆ ಬಂಡ್ಯಾಗ ಅಕ್ಕ ಬರತಾಳ. ನೀ ಇವತ್ತ ಗಿಡ ಸ್ವಚ್ಛ ಮಾಡು. ಒಂದೂ ಉಳೀಬಾರದು."

ಊಟವಾದ ಮೇಲೆ ಒಂದು ತಗಡಿನ ಡಬ್ಬಿ ಮತ್ತು ಎರಡು ಕಡ್ಡಿ ಹಿಡಿದು ಕುಳಿತೆ. ಬಿಸಿಲು ಬೆನ್ನು ಸುಡುತ್ತಿತ್ತು. ಆಗ ಮೊದಲ ಸಲ ಆ ಹುಳಗಳನ್ನು ಸರಿಯಾಗಿ ನೋಡಿದೆ. ಮೋಸ ಬಹಳ ಅಚ್ಚುಕಟ್ಟಾಗಿತ್ತು. ಹಿಕ್ಕೆಯ ವೇಷದಲ್ಲಿದ್ದವು ಎಲ್ಲವೂ ಚಿಕ್ಕವು. ತಾನು ಹಾಕಿದ ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ. ಹಾಗಾಗಿ ಅಡಗುವ ಗೊಡವೆಯೇ ಇಲ್ಲದೆ ಎಲೆಯ ಮೇಲೆ ಬಯಲಿನಲ್ಲೇ ಕುಳಿತಿದ್ದವು. ಹುಳ ಬೆರಳಿನಷ್ಟು ಬೆಳೆದರೆ ಆ ವೇಷ ನಡೆಯುವುದಿಲ್ಲ. ಅಷ್ಟು ದೊಡ್ಡ ಹಿಕ್ಕೆ ಹಾಕುವ ಗುಬ್ಬಿ ಎಲ್ಲಿದೆ? ಅದಕ್ಕೇ ಬೆಳೆದ ಹುಳಗಳು ಹಳೆಯ ಚರ್ಮ ಕಳಚಿ, ಎಲೆಯ ಹಸಿರನ್ನೇ ಉಟ್ಟು, ಎಲೆಯ ನಡುವಿನ ನರಕ್ಕೆ ಅಂಟಿ ಮಲಗಿದ್ದವು. ಕಣ್ಣು ಅದರ ಮೇಲೇ ಇದ್ದರೂ ಕಾಣುತ್ತಿರಲಿಲ್ಲ. ಎರಡು ವೇಷವೂ ಬಯಲಾದರೆ ಕೊನೆಗೆ ಆ ಕೆಂಪು ಕೋಡು, ಆ ನಾತ.

ಡಬ್ಬಿ ಅರ್ಧ ತುಂಬಿದಾಗ ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. ಡಬ್ಬಿಯೊಳಗೆ ಇಣುಕಿ ಮೆಲ್ಲಗೆ ಹೇಳಿದಳು, "ಆ ತುದಿ ಟೊಂಗಿ ಹುಳಕ್ಕ ಕೈ ಹಚ್ಚಬ್ಯಾಡೋ. ಭಾಳ ಸಾಧು ಐತಿ. ಮುಟ್ಟಿದ್ರೂ ಕೋಡು ತೆಗ್ಯಂಗಿಲ್ಲ."

ನನ್ನ ಕೈ ನಿಂತಿತು. "ನಿನಗ ಹೆಂಗ ಗೊತ್ತು?"

ಅವಳು ತುಟಿ ಕಚ್ಚಿಕೊಂಡಳು.

"ಯಾವಾಗಿಂದ ಗೊತ್ತು?"

"ಮೊದಲನೇ ದಿನಾನ."

"ಆಡಿನ ಮರಿ?"

"ಅದು ಬಂದೇ ಇಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಚಿವುಟಿ ಒಗೀತಿದ್ದಿ. ಪಾತರಗಿತ್ತಿ ಆಗೂದು ನೋಡಬೇಕಿತ್ತು ನನಗ."

ಹುಳದ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅದು ಹಿಕ್ಕೆಯ ಹಾಗೆ ಕುಳಿತಿತ್ತು, ಅಷ್ಟೇ. ಅದನ್ನು ಹಿಕ್ಕೆ ಎಂದು ಬಾಯಿಬಿಟ್ಟು ಹೇಳಿದವಳು ಅಕ್ಕ. ನಾನು ಮುಳ್ಳು ಕಟ್ಟುವಾಗ ಹಗ್ಗ ಹಿಡಿದುಕೊಂಡು ನಿಂತವಳೂ ಅವಳೇ.

ಎದ್ದು ಕಣಕ್ಕೆ ಓಡಿದೆ. ಅಪ್ಪ ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಿದ್ದ. "ಅಪ್ಪಾ, ಅಕ್ಕಗ ಎಲ್ಲಾ ಗೊತ್ತಿತ್ತು. ಬೇಕಂತನ ಸುಳ್ಳ ಹೇಳ್ಯಾಳ."

ಅಪ್ಪ ದಾರ ಎಳೆದು ಗಂಟು ಹಾಕಿ ಕೇಳಿದ, "ಗಿಡ ಯಾರ್ದು?"

"ನಂದು."

"ಮತ್ತ?"

ಅಷ್ಟೇ ಹೇಳಿ ಮುಂದಿನ ಚೀಲ ಎಳೆದುಕೊಂಡ. ಅಪ್ಪ ನನ್ನ ಪರವಾಗಿ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಕಣದಿಂದ ಹಿತ್ತಲಿಗೆ ಮರಳುವಾಗ ನೆಲ ಮಸುಕಾಗಿ ಕಾಣುತ್ತಿತ್ತು. ಮೆಣಸಿನಕಾಯಿಯ ಘಾಟು ಎಂದು ಅವ್ವನಿಗೆ ಹೇಳಿದೆ.

ತುದಿ ಟೊಂಗೆಯ ಹುಳವನ್ನೂ ತೆಗೆದು ಡಬ್ಬಿಗೆ ಹಾಕಿದೆ. ಅದು ಕೋಡು ತೆಗೆಯಲಿಲ್ಲ. ಆ ಗಿಡದ ಬಗ್ಗೆ ಅಕ್ಕ ನನಗೆ ಹೇಳಿದ್ದರಲ್ಲಿ ಅದೊಂದು ನಿಜವಾಗಿತ್ತು. ಡಬ್ಬಿಯನ್ನು ಅವಳ ಕೋಳಿಗಳ ಮುಂದೆ ಸುರುವಿದೆ. ಅಕ್ಕ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಮಕ್ಕಳೇ, ಹೋದ ತಿಂಗಳು ಹಾವೇರಿಯ ನಮ್ಮ ಮಾಳಿಗೆಯ ಮೇಲೆ ಕರಿಬೇವಿನ ಕುಂಡದಲ್ಲಿ ನಿಮಗೆ ಒಂದು ಹಿಕ್ಕೆ ಕಾಣಿಸಿತು. ನೀವು ಅದರ ಮೇಲೆ ಫೋನು ಹಿಡಿದಿರಿ. ಅದು ಹುಳ, ಮುಂದೆ ಇಂಥ ಚಿಟ್ಟೆಯಾಗುತ್ತದೆ ಎಂದು ಫೋನು ಹೇಳಿತು. ನೀವು ಜಾಳಿಗೆಯ ಡಬ್ಬಿಯಲ್ಲಿ ಅದನ್ನು ಸಾಕಿ, ಎಲೆ ಹಾಕಿ, ರೆಕ್ಕೆ ಬಂದ ಮೇಲೆ ಬಿಟ್ಟಿರಿ. ಕರಿಬೇವು ಬೋಳಾಯಿತು, ನಿಮ್ಮ ಅಮ್ಮ ಪೇಟೆಯಿಂದ ಒಂದು ಸಿವುಡು ಸೊಪ್ಪು ತಂದಳು, ಯಾರ ಆಸೆಯೂ ಮುರಿಯಲಿಲ್ಲ. ಬ್ಯಾಡಗಿಗೆ ನೀವು ಬಸ್ಸು ಹತ್ತಿದರೆ ಹಾಡು ಕೇಳುತ್ತಲೇ ತಲುಪುತ್ತೀರಿ, ಕಿಟಕಿಯ ಹೊರಗೂ ನೋಡುವುದಿಲ್ಲ. ನನ್ನ ಕಾಲದಲ್ಲಿ ಹುಳದ ಗುರುತು ಹೇಳುವವರು ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಅವಳು ಹೇಳಿದ್ದು ಸುಳ್ಳು. ಆ ಹುಳಗಳ ಚಾತುರ್ಯ ಈಗಲೂ ನನಗೆ ಮೆಚ್ಚುಗೆ. ಅಕ್ಕನ ಮಾತನ್ನು ಮಾತ್ರ ಆ ದಿನದ ನಂತರ ನಾನು ಎಲೆ ಮಗುಚಿದಂತೆ ಮಗುಚಿ ನೋಡದೆ ನಂಬಿದ್ದಿಲ್ಲ.

ಅಂದು ದೀಪ ಹಚ್ಚುವ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ಬಂಡಿಯ ಗಾಲಿಗಳಿಗೆ ಎಣ್ಣೆ ಹಾಕುವುದು ನನ್ನ ಪಾಳಿ. ಬಂಡಿಗೆ ತೂಗುಹಾಕಿದ್ದ ಕಪ್ಪು ಕೀಲೆಣ್ಣೆಯ ಕೊಳವೆಯನ್ನು ಇಳಿಸಿಕೊಂಡು ಬಲಗಡೆಯ ಗಾಲಿಗೆ ಹಾಕಿದೆ. ಎಡಗಡೆ, ಅಕ್ಕ ಕೂರುವ ಮಗ್ಗುಲಿನ ಗಾಲಿ. ಅದಕ್ಕೆ ಎಣ್ಣೆ ಹಾಕದೆ ಬಿಟ್ಟರೆ ಬ್ಯಾಡಗಿಯವರೆಗೆ ಅವಳ ಕಿವಿಯಲ್ಲೇ ಕಿರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತು ನಿಂತೆ. ನಂತರ ಅದಕ್ಕೂ ಅಷ್ಟೇ ಎಣ್ಣೆ ಹಾಕಿ, ಗಾಲಿಯನ್ನು ಒಮ್ಮೆ ತಿರುಗಿಸಿ, ಸದ್ದು ಬರುತ್ತಿಲ್ಲವೆಂದು ನೋಡಿಕೊಂಡು, ಕೈ ತೊಳೆದುಕೊಂಡೆ.