ಒಂದೇ ಕೈಯಲ್ಲಿ ಬಿದ್ದ ಗಂಟು

1997ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೇ, ನಾನು ಶಾಲೆ ಬಿಟ್ಟೆ. ಅದಕ್ಕೆ ನಾಚಿಕೆ ಇಲ್ಲ. ಬಮ್ಮಿಗಟ್ಟಿ ಸುತ್ತಿನ ಊರುಗಳಲ್ಲಿ ದನ ಈಯಲಾರದೆ ಒದ್ದಾಡಿದರೆ ಮೊದಲು ದನದ ಡಾಕ್ಟರಿಗೆ ಫೋನು ಹೋಗುತ್ತದೆ, ಅವರು ಬರುವುದು ತಡವಾದರೆ ನನಗೆ. ಮೈಮೇಲೆ ದೇವರು ಬಂತು, ಕೈ ತಾನೇ ಆಡಿತು ಎಂದು ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದೆ. ಕೈ ನನ್ನದು, ನಾನು ಆಡಿಸಿದರೆ ಆಡುತ್ತದೆ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ತನಕ ಹೀಗೇ ಅಂದುಕೊಂಡಿದ್ದೆ.

ನಮ್ಮ ಓಣಿಯ ಶಾಂತವ್ವ ಕಾಕಿಯ ಎಮ್ಮೆ ಮುಂಜಾನೆಯಿಂದ ತಿಣುಕುತ್ತಿತ್ತು. ಕಾಕಿಗೆ ಇದ್ದದ್ದು ಅದೊಂದೇ, ಅದರ ಹಾಲಿನ ಮೇಲೇ ಮನೆ ನಡೆಯಬೇಕು. ಡಾಕ್ಟರು ಬೇರೆ ಊರಲ್ಲಿದ್ದರು. ಬಲಗೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹಾಕಿದೆ. ಈ ಕೆಲಸದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಬೆರಳೇ ಹೇಳಬೇಕು. ಹಾಗಾಗಿ ನಾನು ಕಣ್ಣು ಮುಚ್ಚಿಕೊಂಡೇ ಮಾಡುವುದು. ಕರುವಿನ ಮೂತಿ ಸಿಕ್ಕಿತು, ಒಂದು ಮುಂಗಾಲು ಸಿಕ್ಕಿತು. ಇನ್ನೊಂದು ಹಿಂದಕ್ಕೆ ಮಡಚಿಕೊಂಡಿತ್ತು. ಅದಕ್ಕೆ ಹಗ್ಗ ಹಾಕಿ ಮುಂದಕ್ಕೆ ತರದಿದ್ದರೆ ಕರುವೂ ಇಲ್ಲ, ಎಮ್ಮೆಯೂ ಇಲ್ಲ.

ಹಗ್ಗದ ತುದಿ ಒಳಗೆ ಒಯ್ದೆ. ಮಡಚಿದ ಕಾಲಿಗೆ ಅದು ಇನ್ನೂ ಮುಟ್ಟಿರಲಿಲ್ಲ, ಅಷ್ಟರಲ್ಲಿ ಎಮ್ಮೆ ಜೋರಾಗಿ ತಿಣುಕಿತು. ಅದರ ಎಲುಬಿಗೂ ಕರುವಿನ ತಲೆಗೂ ನಡುವೆ ನನ್ನ ಕೈ ಸಿಕ್ಕಿಬಿತ್ತು. ಮೊದಲು ನೋವು, ಆಮೇಲೆ ನೋವೂ ಇಲ್ಲ. ಭುಜದಿಂದ ಕೆಳಗೆ ಕೈ ಇದೆಯೋ ಇಲ್ಲವೋ ತಿಳಿಯಲಿಲ್ಲ. ಬೆರಳು ಮಡಚಿವೆಯೋ, ಚಾಚಿವೆಯೋ, ಹಗ್ಗ ಬಿಟ್ಟಿವೆಯೋ. ಹೆದರಿಕೆಯೂ ಬರಲಿಲ್ಲ. ಎಮ್ಮೆಗೆ ಕೆನ್ನೆ ಆನಿಸಿ ಸುಮ್ಮನೆ ನಿಂತೆ.

“ಕೈ ಹೋತು ಕಾಕಿ. ಏನೂ ತಿಳಿವಲ್ದು.”

“ಸುಳ್ಳ ಹೇಳಬ್ಯಾಡಲೇ,” ಅಂದಳು ಕಾಕಿ. “ನಿನ್ನ ಭುಜಾ ನೋಡ, ಹೆಂಗ ಆಡಾಕತ್ತೈತಿ.”

ಕಣ್ಣು ತೆರೆದೆ. ಭುಜ ಆಡುತ್ತಿತ್ತು. ಬೇರೆಯವರದನ್ನು ನೋಡಿದ ಹಾಗೆ ನೋಡಿದೆ. ಆಮೇಲೆ ಅದು ನಿಂತಿತು. ತಿಣುಕು ಸಡಿಲಾದಾಗ ಕೈ ಹೊರಗೆಳೆದುಕೊಂಡೆ, ಅದು ಜೋತುಬಿತ್ತು. ಎಡಗೈಯಿಂದ ಹಗ್ಗ ಜಗ್ಗಿದರೆ ಬಿಗಿಯಾಗಿತ್ತು. ಕಾಕಿಯೂ ಕೈ ಹಚ್ಚಿದಳು. ಕರು ಜೀವಂತ ಹೊರಗೆ ಬಂತು, ಹೆಣ್ಣುಗರು.

ಮಡಚಿದ್ದ ಕಾಲಿಗೇ ಹಗ್ಗ ಬಿದ್ದಿತ್ತು. ಕೀಲಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು, ನಡುವೆ ಗಂಟು. ನಾನು ಯಾವತ್ತೂ ಹಾಕುವುದು ಜಗ್ಗಿದರೆ ಬಿಗಿಯುವ ಒಂಟಿ ಉರುಲು. ಗಂಟು ಬಿಚ್ಚದೆ, ಸುತ್ತು ಸಡಿಲಿಸಿ ಕಾಲಿನಿಂದ ಜಾರಿಸಿ ತೆಗೆದಿಟ್ಟೆ.

ಸಂಜೆ ಡಾಕ್ಟರು ಬಂದು ಎಮ್ಮೆ, ಕರು, ಆ ಗಂಟು ನೋಡಿ ನನ್ನ ಕೈಯನ್ನೂ ನೋಡಿದರು. “ನರ ಒತ್ತಿ ಮರಗಟ್ಟೈತಿ. ರೂಢಿ ಬಿದ್ದ ಕೈ, ತಾನ ಕೆಲಸ ಮಾಡೈತಿ ಅಷ್ಟ.”

“ಈ ಗಂಟು ನನಗ ರೂಢಿ ಇಲ್ರಿ.”

ಅವರು ಕಾಕಿಯ ಕಡೆ ತಿರುಗಿದರು.

“ನನ್ನ ಯಾಕ ನೋಡ್ತೀರಿ? ನಾ ಬಾಲಾ ಹಿಡಕೊಂಡು ನಿಂತಿದ್ನಿರಿ,” ಅಂದಳು ಕಾಕಿ.

ಅವರು ಗಂಟನ್ನು ಇನ್ನೊಮ್ಮೆ ನೋಡಿ, ಕೈ ತೊಳೆದುಕೊಂಡು ಹೋದರು.

ಜೋಮು ಇಳಿದ ಮೇಲೆ ಗೂಟಕ್ಕೆ ಹಗ್ಗ ಹಾಕಿ ಒಂದೇ ಕೈಯಲ್ಲಿ ಆ ಗಂಟು ಹಾಕಲು ನೋಡಿದೆ. ಕಣ್ಣು ತೆರೆದು ನೋಡಿದೆ, ಮುಚ್ಚಿ ನೋಡಿದೆ. ಬರಲಿಲ್ಲ, ಇಂದಿಗೂ ಬಂದಿಲ್ಲ. ಈಗಲೂ ಕರೆದರೆ ಹೋಗುತ್ತೇನೆ. ಕೈ ಒಳಗೆ ಹೋದ ಮೇಲೆ ಕಣ್ಣು ಮಾತ್ರ ಮುಚ್ಚುವುದಿಲ್ಲ, ಭುಜ ನೋಡುತ್ತಿರುತ್ತೇನೆ. ಆ ಕರು ಹಾಲು ಕುಡಿಯುವುದು ಬಿಟ್ಟ ಮೇಲೆ ಕಾಕಿ ಅದನ್ನು ನನಗೇ ಕೊಟ್ಟಳು.

ಈಗ ನನಗೆ ಎರಡು ಎಕರೆ ಹೊಲ, ಒಂದು ಬೈಕು, ಕಾಕಿ ಕೊಟ್ಟ ಕರು ಬೆಳೆದು ಆದ ಎಮ್ಮೆ, ಅದರದೊಂದು ಕರು, ಎರಡು ಕೈ.